ಹುಟ್ಟಿದಾಗಿನ ತೂಕ, ಐವತ್ತರ ಹೃದಯ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. 1906ರಲ್ಲಿ ಶುರುವಾದ ಈ ಆಸ್ಪತ್ರೆಯಲ್ಲಿ 1934ರಿಂದೀಚಿನ ಹೆರಿಗೆ ದಾಖಲೆಗಳು ಉಳಿದುಬಂದವು. ಹುಟ್ಟಿದ ಕೂಸಿನ ತೂಕ ಎಷ್ಟು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು, ಬಸುರಿಯಾಗಿದ್ದಾಗ ತಾಯಿ ಎಷ್ಟು ತೂಗುತ್ತಿದ್ದಳು ಎಂಬ ವಿವರಗಳು ಅವುಗಳಲ್ಲಿವೆ. ಅವನ್ನು ಬರೆದಿಟ್ಟವರಿಗೆ ಅದು ದಿನದ ಕೆಲಸ. ಅರವತ್ತು ವರ್ಷ ಕಳೆದ ಮೇಲೆ, 1996ರಲ್ಲಿ, ಅದೇ ದಾಖಲೆಗಳನ್ನು ಆಧರಿಸಿದ ಸಂಶೋಧನೆಯೊಂದು ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೃದಯದ ಕಾಯಿಲೆಯ ಬೇರು ತಾಯಿಯ ಗರ್ಭದವರೆಗೂ ಇಳಿದಿರಬಹುದು ಎಂಬುದಕ್ಕೆ ಭಾರತದಿಂದ ಸಿಕ್ಕ ಮೊದಮೊದಲ ಸಾಕ್ಷ್ಯಗಳಲ್ಲಿ ಅದೂ ಒಂದು.

ಈ ಯೋಚನೆ ಮೊಳೆತದ್ದು ಇಂಗ್ಲೆಂಡಿನಲ್ಲಿ. ಹರ್ಟ್‌ಫರ್ಡ್‌ಶೈರ್ ಎಂಬ ಕೌಂಟಿಯಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯಾಧಿಕಾರಿಣಿ ಕೂಸುಗಳ ತೂಕವನ್ನು ಹುಟ್ಟಿದಾಗ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಬರೆಸುವ ವ್ಯವಸ್ಥೆ ಮಾಡಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬಾರ್ಕರ್ ಆ ಹಳೆಯ ಪುಸ್ತಕಗಳನ್ನು ತೆರೆಸಿ, 1911ರಿಂದ 1930ರೊಳಗೆ ಹುಟ್ಟಿದ 5,654 ಗಂಡಸರ ಬದುಕು ಮುಂದೆ ಏನಾಯಿತು ಎಂದು ಲೆಕ್ಕಹಾಕಿದರು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ಕಡಿಮೆ ತೂಗಿದವರಲ್ಲಿ ಹೃದಯಾಘಾತದ ಸಾವು ಹೆಚ್ಚಾಗಿ ಕಂಡಿತು. 1989ರಲ್ಲಿ ಅವರು ಇದನ್ನು ಹೇಳಿದಾಗ ಒಪ್ಪದವರೇ ಬಹಳ. ಹೃದಯಾಘಾತವೆಂದರೆ ಸಿಗರೇಟು, ಎಣ್ಣೆ ಜಿಡ್ಡು, ಕೂತು ಮಾಡುವ ಕೆಲಸ, ನಡುವಯಸ್ಸಿನ ಬೊಜ್ಜು ಎಂದೇ ನಂಬಿದ್ದ ಕಾಲ ಅದು.

ಹಾಗಿದ್ದರೆ ಸಣ್ಣ ಕೂಸುಗಳು ಬಹಳವಾಗಿ ಹುಟ್ಟುವ ಭಾರತದ ಕಥೆಯೇನು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ನಮ್ಮಲ್ಲೂ ಹಳೆಯ ತೂಕದ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಮೈಸೂರಿನಲ್ಲಿ. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಮೈಸೂರಿನ ಡಾ. ಕೆ. ಕುಮಾರನ್ ಮುಂತಾದವರ ತಂಡ 1990ರ ದಶಕದಲ್ಲಿ ಆಸ್ಪತ್ರೆಯ ಸುತ್ತಲ ಬಡಾವಣೆಗಳಲ್ಲಿ, ಅಲ್ಲೇ ಹುಟ್ಟಿ ಅಲ್ಲೇ ಬದುಕುತ್ತಿದ್ದವರನ್ನು ಹುಡುಕಿತು. ಸುಲಭದ ಕೆಲಸವಲ್ಲ ಅದು. ಹೆರಿಗೆಯ ದಿನ ಬರೆದ ದಾಖಲೆಯಲ್ಲಿ ಮಗುವಿಗಿನ್ನೂ ಹೆಸರೇ ಇರುವುದಿಲ್ಲವಲ್ಲ. ಆದರೂ 1934ರಿಂದ 1966ರವರೆಗಿನ ಜನನಗಳಲ್ಲಿ 3,427 ಜನರನ್ನು ಗುರುತಿಸಿ, ಅವರಲ್ಲಿ 1,069 ಜನರ ಆರೋಗ್ಯ ತಪಾಸಣೆಯನ್ನು 2001ರ ಹೊತ್ತಿಗೆ ಮುಗಿಸಿದರು.

ಮೊದಲ ಫಲಿತಾಂಶ 1954ಕ್ಕೆ ಮುಂಚೆ ಹುಟ್ಟಿದ 517 ಗಂಡಸರು, ಹೆಂಗಸರದು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. 3.1 ಕಿಲೋಗಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ನಲವತ್ತೈದು ದಾಟಿದವರಲ್ಲಿ ಈ ಅಂತರ ಇನ್ನೂ ನಿಚ್ಚಳ. ಎಲ್ಲಕ್ಕಿಂತ ಮನಸ್ಸಿಗೆ ನಾಟುವ ಸಂಖ್ಯೆ ಬೇರೆಯೇ ಇದೆ. ಕೂಸು ಎರಡೂವರೆ ಕಿಲೋ ದಾಟದೆ, ಬಸುರಿ ತಾಯಿಯೂ 45 ಕಿಲೋ ಮುಟ್ಟದೆ ಇದ್ದ ಕಡೆ ಕಾಯಿಲೆಯ ಪ್ರಮಾಣ ನೂರಕ್ಕೆ 20ಕ್ಕೆ ಏರಿತ್ತು. ತುಂಬು ಬಸುರಿಗೂ 45 ಕಿಲೋ ತೂಕವಿಲ್ಲ ಎಂದರೆ ಆಕೆ ಬಸುರಿಯಾಗುವ ಮೊದಲು ಹೇಗಿದ್ದಿರಬೇಕು! ಮನೆಮಂದಿಗೆಲ್ಲ ಬಡಿಸಿ ತಳದಲ್ಲಿ ಉಳಿದದ್ದನ್ನು ಉಂಡವಳ ಮೈಯ ಲೆಕ್ಕ, ಅರ್ಧ ಶತಮಾನದ ಮೇಲೆ ಮಗನ ಇಸಿಜಿಯಲ್ಲಿ ಕಾಣಿಸಿಕೊಂಡಿತು.

ಇದು ಹೇಗೆ ಸಾಧ್ಯ? ಗರ್ಭದಲ್ಲಿ ಆಹಾರ ಸಾಲದೆ ಹೋದಾಗ ಭ್ರೂಣ ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಇಕ್ಕಟ್ಟಿನ ತಿಂಗಳಲ್ಲಿ ಸಂಸಾರಸ್ಥರು ಇರುವ ದುಡ್ಡನ್ನು ಅಕ್ಕಿಗೆ ಎತ್ತಿಟ್ಟು ಉಳಿದ ಖರ್ಚು ಮುಂದೂಡುವಂತೆ, ಅದು ರಕ್ತವನ್ನು ತಲೆಯತ್ತ ಹರಿಸಿ ಮೂತ್ರಪಿಂಡ, ಯಕೃತ್ತು, ಮೇದೋಜೀರಕ ಗ್ರಂಥಿ, ಸ್ನಾಯುಗಳ ಪಾಲನ್ನು ಕಡಿತ ಮಾಡುತ್ತದೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ಘಟಕಗಳು ತಯಾರಾಗುವುದು ಹುಟ್ಟುವುದಕ್ಕೆ ಮೊದಲೇ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಆಮೇಲೆ ಹೊಸದಾಗಿ ಒಂದೂ ಸೇರುವುದಿಲ್ಲ. ಕಡಿಮೆ ಘಟಕಗಳೊಂದಿಗೆ ಹುಟ್ಟಿದವರು ಜೀವನಪೂರ್ತಿ ಅಷ್ಟರಲ್ಲೇ ನಡೆಸಬೇಕು. ಮುಂದೆ ಬಿಪಿ ಏರಲು ಇದೊಂದು ದಾರಿ. ಸ್ನಾಯು ಕಡಿಮೆಯಾದರೆ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿಯೂ ತಗ್ಗುತ್ತದೆ.

ಇಲ್ಲಿಯವರೆಗೆ ಮೈಸೂರು ಇಂಗ್ಲೆಂಡಿನ ಮಾತನ್ನೇ ಹೇಳಿತು. ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಮೈಸೂರು ಬೇರೆ ಮಾತು ಹೇಳಿತು. ಸಣ್ಣ ಕೂಸುಗಳೇ ಮುಂದೆ ಸಕ್ಕರೆ ಕಾಯಿಲೆಗೆ ಗುರಿಯಾಗುತ್ತವೆ ಎಂಬುದು ಇಂಗ್ಲೆಂಡಿನ ಅನುಭವವಾಗಿತ್ತು. 1998ರಲ್ಲಿ ಪ್ರಕಟವಾದ ಮೈಸೂರಿನ ಲೆಕ್ಕದಲ್ಲಿ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಮೈ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚಿತ್ತು. ಆ ತಾಯಂದಿರಿಗೆ ಬಸಿರಿನಲ್ಲೇ ಸಕ್ಕರೆ ಏರಿದ್ದಿರಬಹುದೇ? ಎಂದೋ ಮುಗಿದ ಬಸಿರಿನ ರಕ್ತವನ್ನು ಪರೀಕ್ಷಿಸಲು ಸಾಧ್ಯವಿಲ್ಲ. ಸಂಶೋಧಕರು ಮಾಡಿದ್ದು ಒಳ್ಳೆಯ ವಿಜ್ಞಾನಿಗಳು ಮಾಡುವ ಕೆಲಸ. ಹೊಸ ಬಸುರಿಯರಿಂದ ಹೊಸ ಅಧ್ಯಯನ ಆರಂಭಿಸಿದರು.

ಅದೇ ಪಾರ್ಥೆನಾನ್ ಅಧ್ಯಯನ. 1997–98ರಲ್ಲಿ ಅದೇ ಆಸ್ಪತ್ರೆಗೆ ತಪಾಸಣೆಗೆ ಬರುತ್ತಿದ್ದ 830 ಬಸುರಿಯರು ಗ್ಲೂಕೋಸ್ ಕುಡಿದು ರಕ್ತ ಕೊಟ್ಟರು. ನೂರಕ್ಕೆ 6ಕ್ಕೂ ಹೆಚ್ಚು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇತ್ತು. ಅವರ ಕೂಸುಗಳು ಉಳಿದವರ ಕೂಸುಗಳಿಗಿಂತ ದಪ್ಪವಾಗಿ ಹುಟ್ಟಿದವು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಆ ಮಕ್ಕಳನ್ನು ಬಿಡದೆ ಹಿಂಬಾಲಿಸಿದರು. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮೈಕೊಬ್ಬು ಜಾಸ್ತಿಯಾಗಿ ಇನ್ಸುಲಿನ್ ಮಟ್ಟ ಏರಿತ್ತು. ಹದಿಮೂರು ದಾಟಿದಾಗ ಅವರಿಗೆ ಇನ್ನೊಂದು ಪರೀಕ್ಷೆ: ಗುರುತಿಲ್ಲದ ಹಿರಿಯರ ಮುಂದೆ ನಿಂತು ಭಾಷಣ ಮಾಡಬೇಕು, ಬಾಯಿಲೆಕ್ಕ ಹೇಳಬೇಕು. ಆ ಅಳುಕಿನ ಹೊತ್ತಿನಲ್ಲಿ ಹೃದಯ, ರಕ್ತನಾಳ ಹೇಗೆ ಸ್ಪಂದಿಸುತ್ತವೆ ಎಂದು ಯಂತ್ರಗಳು ದಾಖಲಿಸಿಕೊಂಡವು. ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ ಆ ಸ್ಪಂದನ ಹೆಚ್ಚು ತೀವ್ರವಾಗಿತ್ತು.

ಅದೇ ಬಸುರಿಯರ ರಕ್ತದಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ನೂರಕ್ಕೆ 43 ಮಂದಿಯಲ್ಲಿ ಬಿ12 ಜೀವಸತ್ವ ಕಡಿಮೆ ಇತ್ತು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಸಿಗುವ ಈ ಸತ್ವ ಕಡಿಮೆಯಿದ್ದವರಲ್ಲಿ ಮೈತೂಕವೂ ಸಕ್ಕರೆ ಕಾಯಿಲೆಯೂ ಹೆಚ್ಚು ಕಂಡವು. ಹೊಟ್ಟೆ ತುಂಬ ಅನ್ನವಿದ್ದರೂ ಸತ್ವದ ಬರ ಇರಬಲ್ಲದು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಹುಟ್ಟಿದಾಗಿನ ಮೈಗೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಇನ್ನೊಂದು ಬದಿಯಿಂದ ನೋಡಿದರು. ಪುಣೆ ಸುತ್ತಲ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ತೂಕದಲ್ಲಿ ಇಷ್ಟು ಅಂತರವಿದ್ದರೂ ಬೆನ್ನ ಮೇಲಿನ ಚರ್ಮದಡಿಯ ಕೊಬ್ಬಿನಲ್ಲಿ ನಮ್ಮ ಕೂಸುಗಳು ಅಷ್ಟಾಗಿ ಹಿಂದೆ ಬಿದ್ದಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಬ್ರಿಟನ್ನಿನ ಗೆಳೆಯ ಜಾನ್ ಯಡ್ಕಿನ್ ಜೊತೆ ನಿಂತು ಯಾಜ್ಞಿಕ್ ತೆಗೆಸಿದ ಚಿತ್ರ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರಿಗೂ ಒಂದೇ, 22.3. ಮೈಕೊಬ್ಬು ಮಾತ್ರ ಯಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ತಾನು ತೆಳ್ಳಗಿದ್ದೇನೆ, ಸಕ್ಕರೆ ಕಾಯಿಲೆ ತನಗೆಲ್ಲಿಂದ ಬರಬೇಕು ಎಂದುಕೊಳ್ಳುವವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ನೆನೆಯಬೇಕು.

ಕಾರಣ ಊಹಿಸುವುದು ಒಂದು, ತಿನ್ನಿಸಿ ನೋಡುವುದು ಇನ್ನೊಂದು. ಮುಂಬೈಯ ಕೊಳೆಗೇರಿಗಳಲ್ಲಿ 6,513 ಹೆಂಗಸರನ್ನು ಸಂಶೋಧಕರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಬಸುರಿಯಾಗುವ ಮೊದಲಿನಿಂದಲೇ ದಿನಕ್ಕೊಂದು ತಿಂಡಿ ಕೊಟ್ಟರು. ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಹಾಕಿದ ಸಮೋಸದಂಥ ತಿಂಡಿ. ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂಥವುಗಳದು. ಒಟ್ಟಾರೆ ನೋಡಿದರೆ ಕೂಸುಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಬಸಿರಿಗೆ ಮೂರು ತಿಂಗಳಾದರೂ ಮುಂಚಿನಿಂದ ಸೊಪ್ಪಿನ ತಿಂಡಿ ತಿಂದವರ ಕೂಸುಗಳು ಸುಮಾರು 48 ಗ್ರಾಂ ಹೆಚ್ಚು ತೂಗಿದವು. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯಂತೂ ಆಲೂಗಡ್ಡೆಯ ಗುಂಪಿನಲ್ಲಿ ನೂರಕ್ಕೆ 12.4 ಇದ್ದದ್ದು, ಸೊಪ್ಪಿನ ಗುಂಪಿನಲ್ಲಿ 7.3. ಹರಿವೆ, ದಂಟು, ನುಗ್ಗೆಸೊಪ್ಪುಗಳ ಮಸ್ಸೊಪ್ಪು, ಬಸ್ಸಾರು ಮಾಡುವ ಹಳೆ ಮೈಸೂರಿನ ಮನೆಗಳಿಗೆ ಇದು ಸಂತೋಷದ ಸುದ್ದಿ. ಆದರೆ ಬಸುರಿ ಎಂದು ಗೊತ್ತಾದ ಮೇಲೆ ಶುರುಮಾಡಿದರೆ ಸ್ವಲ್ಪ ತಡವಾಗಿರುತ್ತದೆ. ಮನೆಯ ಹೆಣ್ಣುಮಗು ಶಾಲೆಗೆ ಹೋಗುವ ವಯಸ್ಸಿನಿಂದಲೇ ಅವಳ ತಟ್ಟೆ ನೋಡಬೇಕು.

ಮೈಸೂರಿನ ಆ ಹಳೆಯ ದಾಖಲೆಗಳ ಮಕ್ಕಳು ಈಗ ಅಜ್ಜ ಅಜ್ಜಿಯರು. ಅವರಲ್ಲಿ 721 ಮಂದಿ, 55ರಿಂದ 80ರ ವಯಸ್ಸಿನವರು, ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷೆಗೂ ಕೂತರು. ಹುಟ್ಟಿದಾಗ ತೂಕ ಚೆನ್ನಾಗಿದ್ದವರ ಅಂಕ ಹೆಚ್ಚಿತ್ತು. ಅವರ ಶಾಲಾ ಓದು, ಅವರ ತಾಯಿ ಕಲಿತಿದ್ದ ಓದು, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ತೂಕದ ಪ್ರಭಾವ ತೆಳುವಾಯಿತು. ವೈದ್ಯರು ಶುರುಮಾಡಿದ ಅಧ್ಯಯನ ಸಮಾಜಶಾಸ್ತ್ರದ ಅಂಗಳಕ್ಕೆ ಬಂದದ್ದು ಹೀಗೆ.

ಈ ಅಧ್ಯಯನಗಳಿಗೆ ಮಿತಿಗಳಿವೆ. ಊರು ಬಿಟ್ಟು ಹೋದವರು, ಬೇಗ ತೀರಿಕೊಂಡವರು ಲೆಕ್ಕಕ್ಕೆ ಸಿಕ್ಕಿಲ್ಲ. ಕಡಿಮೆ ತೂಕದ ಕೂಸಿಗೆ ಹೃದಯಾಘಾತ ಆಗಿಯೇ ತೀರುತ್ತದೆ ಎಂದು ಯಾವ ಸಂಶೋಧಕರೂ ಹೇಳಿಲ್ಲ. ಮೈಸೂರಿನ ಆ ಗುಂಪಿನಲ್ಲೂ ನೂರಕ್ಕೆ 89 ಜನರಿಗೆ ಕಾಯಿಲೆ ಇರಲಿಲ್ಲ. ತಾಯಿಯ ಮೇಲೆ ತಪ್ಪು ಹೊರಿಸಲು ಈ ಸಂಖ್ಯೆಗಳನ್ನು ಬಳಸುವುದಂತೂ ದೊಡ್ಡ ಅನ್ಯಾಯ. ಅವಳ ತೂಕವನ್ನು ನಿರ್ಧರಿಸಿದ್ದು ಅವಳ ಬಾಲ್ಯ, ಅವಳಿಗೆ ಸಿಕ್ಕ ಊಟ, ಅವಳನ್ನು ಓದಿಸಿದ ಅಥವಾ ಓದಿಸದ ಮನೆ.

ಆದ್ದರಿಂದ ಕೇಳುಗರಲ್ಲಿ ಒಂದೆರಡು ಕೋರಿಕೆ. ಮನೆಯಲ್ಲಿ ಬಸುರಿ ಇದ್ದರೆ, ಮೊದಲ ತಪಾಸಣೆಯಲ್ಲೇ ಗ್ಲೂಕೋಸ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ರಕ್ತದ ಸಕ್ಕರೆ 140 ಅಥವಾ ಮೇಲಿದ್ದರೆ ಚಿಕಿತ್ಸೆ ಬೇಕು. ಸರಿಯಿದ್ದರೆ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡಿಸಬೇಕು. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾಗಿ ಆರು ವಾರಕ್ಕೆ ಪುನಃ ಪರೀಕ್ಷೆಗೆ ಹೋಗಬೇಕು. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕ ಸರಿಯಾಗಿ ಬರೆಸಿಕೊಂಡು, ಮಗು ದೊಡ್ಡದಾದ ಮೇಲೂ ಆ ಕಾರ್ಡನ್ನು ಜೋಪಾನವಾಗಿಡಿ.