ಪಂಚರ್ ಆಯ್ತಾ? ಮೊದಲು ಮೊಳೆ ಕೀಳಬೇಡಿ

ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ನಿಮ್ಮ ಬೈಕಿಗಿರೋದು ಟ್ಯೂಬ್ ಟೈರಾ, ಟ್ಯೂಬ್‌ಲೆಸ್ಸಾ? ತಟ್ಟಂತ ಉತ್ತರ ಬರಲಿಲ್ಲ ಅಂದ್ರೆ ವಿಡಿಯೋ ನಿಲ್ಲಿಸಿ, ಹೊರಗೆ ಹೋಗಿ ನೋಡ್ಕೊಂಡು ಬನ್ನಿ. ದಾರೀಲಿ ಪಂಚರ್ ಆದಾಗ ನೀವು ಮಾಡಬೇಕಾದ್ದೆಲ್ಲ ಈ ಒಂದು ಉತ್ತರದ ಮೇಲೇ ನಿಂತಿದೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಅಕ್ಷರ ಮಾತ್ರ ನಂಬಬೇಡಿ, ರಿಮ್ಮನ್ನೂ ನೋಡಿ. ಸ್ಪೋಕ್ ಚಕ್ರ ಇದ್ರೆ ಪ್ರತಿ ಕಡ್ಡಿಗೂ ರಿಮ್ಮಲ್ಲಿ ಒಂದೊಂದು ತೂತು ಇರುತ್ತೆ, ಗಾಳಿ ಅಲ್ಲೇ ಸೋರಿಹೋಗುತ್ತೆ. ಅದಕ್ಕೇ ಇಂಥ ಗಾಡಿಗಳಲ್ಲಿ ಹೆಚ್ಚಾಗಿ ಒಳಗೆ ಟ್ಯೂಬ್ ಹಾಕಿರ್ತಾರೆ. ಈಗಿನ ಅಲಾಯ್ ಚಕ್ರ ಆದ್ರೆ ಸಾಮಾನ್ಯವಾಗಿ ಟ್ಯೂಬ್‌ಲೆಸ್.

ಈಗ ಗಾಡಿ ಓಡ್ತಾ ಇದೆ ಅಂದುಕೊಳ್ಳಿ. ಹಿಂದಿನ ಟೈರಲ್ಲಿ ಗಾಳಿ ಹೋದ್ರೆ ಸೀಟಿನ ಕೆಳಗೆ ಗಾಡಿ ಆ ಕಡೆ ಈ ಕಡೆ ತೂಗಾಡುತ್ತೆ. ಮುಂದಿನದಾದ್ರೆ ಹ್ಯಾಂಡಲ್ ಭಾರ ಆಗುತ್ತೆ, ಒಂದು ಕಡೆಗೆ ಎಳೆಯುತ್ತೆ. ಗಾಬರಿಯಲ್ಲಿ ಬ್ರೇಕ್ ಅದುಮಬೇಡಿ. ಥ್ರಾಟಲ್ ಮೆಲ್ಲಗೆ ಬಿಡಿ, ಹ್ಯಾಂಡಲ್ ನೇರ ಹಿಡೀರಿ, ಬ್ರೇಕ್ ಬೇಕೇ ಬೇಕು ಅಂದ್ರೆ ಗಾಳಿ ಇರೋ ಚಕ್ರದ್ದನ್ನ ಮಾತ್ರ ಹಗುರವಾಗಿ ಬಳಸಿ. ತಿರುವಲ್ಲಿ ನಿಲ್ಲಿಸಬೇಡಿ. ಹಿಂದೆ ಬರೋ ಲಾರಿಯವನಿಗೆ ದೂರದಿಂದಲೇ ನೀವು ಕಾಣಬೇಕು.

ಟ್ಯೂಬ್ ಟೈರ್ ಆದ್ರೆ ಮಾತು ಸಣ್ಣದು: ಓಡಿಸಬೇಡಿ. ಗಾಳಿಯಿಲ್ಲದ ಟ್ಯೂಬು ಒಳಗೆ ಮಡಿಚಿ, ಉಜ್ಜಿ, ವಾಲ್ವ್ ಬುಡದಲ್ಲೇ ಹರಿದುಹೋಗುತ್ತೆ. ಆಮೇಲೆ ಪ್ಯಾಚಿಗೂ ಬರೋದಿಲ್ಲ. ಚಕ್ರ ಬಿಚ್ಚೋ ಅಭ್ಯಾಸ ಇಲ್ಲದಿದ್ರೂ ದೂರದ ಪ್ರಯಾಣಕ್ಕೆ ನಿಮ್ಮ ಅಳತೆಯ ಟ್ಯೂಬ್ ಜೊತೆಗಿರಲಿ. ಹಳ್ಳಿಯ ಅಂಗಡೀಲಿ ಕೆಲಸ ಗೊತ್ತಿರೋರು ಸಿಗ್ತಾರೆ, ನಿಮ್ಮ ಗಾಡಿಯ ಅಳತೆ ಸಿಗೋದು ಕಷ್ಟ. ಹಳೇ ಹಿಮಾಲಯನ್ 411 ಬೈಕ್ ನೋಡಿ: ಮುಂದೆ 21 ಇಂಚು, ಹಿಂದೆ 17.

ಟ್ಯೂಬ್‌ಲೆಸ್ ಕಥೆ ಬೇರೆ. ಮೊಳೆ ಹೊಕ್ಕರೂ ಟೈರಿನ ಒಳಪದರದ ರಬ್ಬರು ಅದನ್ನ ಬಿಗಿಯಾಗಿ ಅಪ್ಪಿಕೊಂಡಿರುತ್ತೆ, ಗಾಳಿ ನಿಧಾನಕ್ಕೆ ಸೋರುತ್ತೆ. ಮೊಳೆ ಕಂಡ ಕೂಡಲೇ ಕೈ ಅದರ ಕಡೆ ಹೋಗುತ್ತೆ, ಗೊತ್ತು. ದಯವಿಟ್ಟು ಕೀಳಬೇಡಿ. ಈ ಹೊತ್ತಲ್ಲಿ ನಿಮ್ಮ ಬಿರಡೆ ಆ ಮೊಳೆಯೇ. ಗಾಳಿ ತುಂಬಿಸಿ, ನಿಧಾನಕ್ಕೆ ಅಂಗಡಿ ತಲುಪಬಹುದು. ಆದ್ರೆ ಪೂರ್ತಿ ಚಪ್ಪಟೆಯಾದ ಮೇಲೆ ಉರುಳಿಸಬೇಡಿ. ಟೈರಿನ ಅಂಚು ರಿಮ್ಮಿಂದ ಕಳಚಿಕೊಂಡ್ರೆ ಕೈಪಂಪಲ್ಲಿ ಎಷ್ಟು ಹೊಡೆದ್ರೂ ಮತ್ತೆ ಕೂರೋದಿಲ್ಲ, ಕಂಪ್ರೆಸರೇ ಬೇಕು.

ಪಂಚರ್ ಕಿಟ್ ಇದ್ರೆ ಟ್ಯೂಬ್‌ಲೆಸ್ ಟೈರಿಗೆ ಪ್ಲಗ್ ನೀವೇ ಹಾಕಬಹುದು. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ. ಒಂದು ಸ್ಯಾಶೆ ಶಾಂಪೂ ನೀರಲ್ಲಿ ಕಲಸಿ ಟೈರ್ ಮೇಲೆ ಸುರಿದು ಚಕ್ರ ತಿರುಗಿಸಿ, ಗುಳ್ಳೆ ಏಳೋ ಜಾಗ ಕಾಣುತ್ತೆ. ಎಲ್ಲೂ ಏಳಲಿಲ್ವಾ? ವಾಲ್ವ್ ಬಾಯಿಗೂ ಒಂದು ಹನಿ ಬಿಡಿ. ಎಷ್ಟೋ ಸಲ ಪಂಚರ್ರೇ ಆಗಿರೋದಿಲ್ಲ, ಸೋರ್ತಾ ಇರೋದು ವಾಲ್ವ್ ಪಿನ್ನು.

ಮೊಳೆ ಸಿಕ್ತು. ಅದು ಎಷ್ಟು ಓರೆಯಾಗಿ ಹೊಕ್ಕಿದೆ ಅಂತ ಮೊದಲು ನೋಡ್ಕೊಳ್ಳಿ. ಯಾಕಂದ್ರೆ ಇಕ್ಕಳದಲ್ಲಿ ಕಿತ್ತ ಮೇಲೆ ಅರದಂಥ ಸಲಾಕೆಯನ್ನ ಅದೇ ಓರೆಯಲ್ಲಿ ತೂರಿಸಿ ಆಡಿಸಬೇಕು. ತೂತಿನ ಗೋಡೆ ತರಿತರಿ ಆಗದಿದ್ರೆ ಪ್ಲಗ್ ಕಚ್ಚಿಕೊಳ್ಳಲ್ಲ. ಆಮೇಲೆ ಪ್ಲಗ್ಗನ್ನ, ಅಂದ್ರೆ ಅಂಟಂಟು ರಬ್ಬರ್ ಹುರಿಯನ್ನ, ಸೂಜಿಯ ಕಣ್ಣಿಗೆ ಸರಿಯಾಗಿ ನಡುವಿಗೆ ಪೋಣಿಸಿ, ಮೈಭಾರ ಬಿಟ್ಟು ಒತ್ತಿ. ಇದಕ್ಕೆ ನಿಜವಾಗಲೂ ಶಕ್ತಿ ಬೇಕು. ಎರಡೂ ತುದಿ ಒಂದು ಬೆರಳಗಲ ಹೊರಗಿರುವಾಗ ನಿಲ್ಲಿಸಿ, ಸೂಜಿಯನ್ನ ತಿರುಚದೆ ಒಂದೇ ಸಲಕ್ಕೆ ಎಳೀರಿ. ಸೂಜಿ ಬರುತ್ತೆ, ಹುರಿ ಉಳಿಯುತ್ತೆ. ಬಾಲ ಕತ್ತರಿಸುವಾಗ ಮೂರ್ನಾಲ್ಕು ಮಿಲಿಮೀಟರ್ ಬಿಡಿ, ಎಳೆದು ಕತ್ತರಿಸಬೇಡಿ. ಗಾಳಿ ಎಷ್ಟು ಅನ್ನೋದು ಚೈನ್ ಕವರಿನ ಸ್ಟಿಕ್ಕರಲ್ಲೋ ಮ್ಯಾನ್ಯುಯಲ್ಲಲ್ಲೋ ಇರುತ್ತೆ. ಹಿಂದೆ ಜನ ಕೂತ್ರೆ ಬೇರೆ ಅಂಕಿ. ತುಂಬಿಸಿದ ಮೇಲೆ ಮತ್ತೆ ಶಾಂಪೂ ನೀರು.

ಟೈರಿನ ಪಕ್ಕದ ಗೋಡೆಗೆ ಮಾತ್ರ ಪ್ಲಗ್ ಹಾಕಲೇಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದ್ರೂ. ಆ ಭಾಗ ಪ್ರತಿ ಸುತ್ತಿಗೂ ಬಾಗುತ್ತೆ, ಪ್ಲಗ್ ನಿಲ್ಲೋದಿಲ್ಲ. ಅಲ್ಲಿ ತೂತಾದ್ರೆ ಹೊಸ ಟೈರೇ.

ಇಷ್ಟು ಹೊತ್ತು ಓಡಿಸಬೇಡಿ ಅಂದೆ. ಈಗ ಒಂದು ಜಾಗದಲ್ಲಿ ಓಡಿಸಿ ಅಂತೀನಿ: ಬಂಡೀಪುರದ ಥರದ ಕಾಡು ರಸ್ತೆ. ಗುಂಡ್ಲುಪೇಟೆಯಿಂದ ಊಟಿ ಕಡೆಗೆ, ಸುಲ್ತಾನ್ ಬತ್ತೇರಿ ಕಡೆಗೆ ಹೋಗೋ ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇರೋದು ನಿಮಗೆ ಗೊತ್ತೇ ಇದೆ. ಹಗಲಲ್ಲೂ ಅಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ. ಆನೆ ದಾಟೋ ಜಾಗದಲ್ಲಿ ಬೆನ್ನು ತಿರುಗಿಸಿ ಕೂತು ಪ್ಲಗ್ ಹಾಕಬೇಡಿ. ಟೈರ್ ಹಾಳಾದ್ರೆ ಆಗಲಿ, ಗಾಡಿ ಹಿಡಿತದಲ್ಲಿ ಇರೋವರೆಗೂ ನಡಿಗೆಯ ವೇಗದಲ್ಲಿ ಚೆಕ್‌ಪೋಸ್ಟ್ ಕಡೆ ಹೋಗಿ. ಆಗೋದೇ ಇಲ್ಲ ಅಂದ್ರೆ ಬರೋ ಬಸ್ಸಿಗೋ ಅರಣ್ಯ ಇಲಾಖೆ ಜೀಪಿಗೋ ಕೈ ತೋರಿಸಿ.

ಕೊನೆಗೆ ಅಂಗಡಿ ವಿಷಯ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಆಯಸ್ಕಾಂತ ಕಟ್ಟಿದ ಕೋಲು ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿದ ಸುದ್ದಿ ಓದಿರಬಹುದು. ಅದನ್ನ ಓದಿ, ಮೊಳೆ ಚೆಲ್ಲೋರು ಇವರೇ ಅಂತ ಎಲ್ಲ ಪಂಚರ್ ಅಂಗಡಿಯವರನ್ನೂ ಅನುಮಾನಿಸೋದು ತಪ್ಪು. ಸುಡೋ ಬಿಸಿಲಲ್ಲಿ ನಮ್ಮ ದಾರಿ ಉಳಿಸೋರು ಅವರೇ. ಆದ್ರೂ ಕೆಲಸ ಆಗುವಾಗ ಪಕ್ಕದಲ್ಲೇ ನಿಂತಿರಿ. ನಾಲ್ಕು ಪಂಚರ್ ಇದೆ ಅಂದ್ರೆ, ಸಲಾಕೆ ಚುಚ್ಚೋಕೆ ಮುಂಚೆ ನಾಲ್ಕು ಕಡೆಯೂ ಗುಳ್ಳೆ ತೋರಿಸಿ ಅಂತ ಕೇಳಿ.

ಹೊರಗಿಂದ ಹಾಕಿದ ಹುರಿ ದಾರಿ ಖರ್ಚಿಗೆ ಅಷ್ಟೇ. ಊರು ಸೇರಿದ ಮೇಲೆ ಟೈರ್ ಬಿಚ್ಚಿಸಿ ಒಳಗಿಂದ ಮಶ್ರೂಮ್ ಪ್ಯಾಚ್ ಹಾಕಿಸಿ. ಅಲ್ಲಿವರೆಗೂ ದಿನಾ ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಗಾಳಿ ನೋಡ್ತಾ ಇರಿ.