ಆಹುಪೆ ಗುಡ್ಡದಲ್ಲಿ ಹತ್ತು ವಾರ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮೊದಲು ಊರಿನ ಗೊಂದಲ ಬಿಡಿಸಿಬಿಡುತ್ತೇನೆ. ನಾನು ಶಿರೂರಿನವಳು ಎಂದ ಕೂಡಲೇ "ಬೈಂದೂರಿನ ಶಿರೂರಾ, ಅಂಕೋಲಾದ ಶಿರೂರಾ?" ಎಂದು ಕೇಳುವವರೇ ಹೆಚ್ಚು. ಎರಡೂ ಅಲ್ಲ. ಪುಣೆಯಿಂದ ನಗರ ರಸ್ತೆ ಹಿಡಿದು, ರಾಂಜಣಗಾಂವ ಗಣಪತಿಗೆ ಕೈಮುಗಿದು ಮುಂದೆ ಬಂದರೆ ಘೋಡ ನದಿಯ ಈ ದಡದಲ್ಲಿ ಸಿಗುವ ಶಿರೂರು ನಮ್ಮದು. ಹಳಬರು ಊರನ್ನೇ ಘೋಡನದಿ ಅನ್ನುತ್ತಾರೆ. ಸೇತುವೆ ದಾಟಿದರೆ ಪುಣೆ ಜಿಲ್ಲೆ ಮುಗಿಯಿತು. ನನ್ನ ತವರು ಇಂಡಿ ತಾಲೂಕು, ಭೀಮಾ ತೀರ. ನಮ್ಮವರು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ದುಡಿದು 2023ರ ಕೊನೆಗೆ ನಿವೃತ್ತರಾದರು. ಮಕ್ಕಳು ಅವರವರ ದಾರಿ ಹಿಡಿದಿದ್ದರು. ಆಗ ಬಂದದ್ದು ಈ ಕೆಲಸ.

ಪರಿಚಯದವರೊಬ್ಬರು ಅಂಬೇಗಾಂವ ತಾಲೂಕಿನ ಗುಡ್ಡದ ಮೇಲೆ, ಆಹುಪೆ ರಸ್ತೆಯ ಕಡೆ, ಸ್ವಂತ ಜಮೀನಿನಲ್ಲಿ ಡೇರೆಗಳನ್ನು ಹಾಕಿದ್ದರು. ಮಾರ್ಚ್ ಕೊನೆಯಿಂದ ಮಳೆ ಬರುವ ತನಕ ಅಲ್ಲೇ ಇದ್ದು ನೋಡಿಕೊಳ್ಳಲು ಗಂಡಹೆಂಡತಿ ಬೇಕಾಗಿದ್ದರು. ಹನ್ನೆರಡು ಡೇರೆ, ಒಂದು ಅಡುಗೆಮನೆ, ಎರಡು ಶೌಚಾಲಯ, ಐದು ಸಾವಿರ ಲೀಟರಿನ ಟಾಕಿ. ಇಬ್ಬರಿಗೂ ಸೇರಿ ತಿಂಗಳಿಗೆ 25 ಸಾವಿರ. ನಮ್ಮವರು ಆ ಕ್ಷಣವೇ ಹೂಂ ಅಂದರು. ತವರಿಗೆ ಫೋನ್ ಮಾಡಿದರೆ ಅವ್ವ, "ಈ ವಯಸ್ನ್ಯಾಗ ಗುಡ್ಡದ ಮ್ಯಾಲ ಹೋಗಿ ಮಂದಿಗೆ ಹಾಸಗಿ ಹಾಸ್ತಿ ಏನವಾ?" ಅಂದಳು. ಹಾಸಿಗೆ ಹಾಸುವುದೇನು, ಮೂವತ್ತು ವರ್ಷ ಮನೆಯಲ್ಲಿ ಮಾಡಿದ್ದೂ ಅದೇ. ಇಲ್ಲಿ ಪಗಾರವಾದರೂ ಇತ್ತು.

ಹೋಳಿ ಮುಗಿಸಿ ಮಾರ್ಚ್ 27ಕ್ಕೆ ಹೊರಟೆವು. ಮಲಠಣ, ಮಂಚರ, ಘೋಡೇಗಾಂವ, ಡಿಂಭೆ. ಅಣೆಕಟ್ಟಿನ ಹಿನ್ನೀರಿಗೆ ಹುತಾತ್ಮ ಬಾಬು ಗೇನೂ ಸಾಗರ ಎಂದು ಹೆಸರು. 1930ರ ಡಿಸೆಂಬರ್ 12ರಂದು ಮುಂಬಯಿಯಲ್ಲಿ ವಿದೇಶಿ ಬಟ್ಟೆಯ ಲಾರಿಗೆ ಅಡ್ಡ ನಿಂತು ಪ್ರಾಣ ಕೊಟ್ಟ ಹುಡುಗ ಇದೇ ತಾಲೂಕಿನವನು. ಹಿನ್ನೀರು ಬಲಕ್ಕೆ ಎಡಕ್ಕೆ ಕಾಣುತ್ತಾ ಹೋಗಿ, ಆಮೇಲೆ ಬರೀ ತಿರುವು, ಏರು.

ನೆಲೆಯೂರಲು ಒಂದು ವಾರ ಹಿಡಿಯಿತು. ಅಡುಗೆಮನೆಯ ಗೋಡೆ ಕಾರ್ವಿ ಕಡ್ಡಿ ಹೆಣೆದು ಸಗಣಿಮಣ್ಣು ಮೆತ್ತಿದ್ದು. ಈ ಕಾರ್ವಿ ಏಳು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ. ಹೂವಿನ ವರ್ಷ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುತ್ತದೆ. ಮೆತ್ತಿದ ಮಣ್ಣು ಅಲ್ಲಲ್ಲಿ ಉದುರಿ ಗಾಳಿ ಒಳಗೆ ನುಗ್ಗುತ್ತಿತ್ತು. ಗಾಳಿ ಅಂದರೆ ನಮ್ಮ ಶಿರೂರಿನ ಗಾಳಿಯಲ್ಲ. ಆಹುಪೆಯ ಅಂಚಿನಲ್ಲಿ ನೆಲ ಒಮ್ಮೆಲೇ ಮುಗಿದು ಕೆಳಗೆ ಕೊಂಕಣ ಶುರುವಾಗುತ್ತದೆ; ಅಲ್ಲಿಂದ ಮೇಲಕ್ಕೆ ನುಗ್ಗುವ ಗಾಳಿ ರಾತ್ರಿಯಿಡೀ ಡೇರೆಗಳನ್ನು ಪಟಪಟ ಬಡಿಯುತ್ತದೆ. ಮೊದಲ ನಾಲ್ಕು ರಾತ್ರಿ ನಿದ್ದೆಯಿಲ್ಲ. ಐದನೆಯ ದಿನ ಕೆಳಗಿನ ವಾಡಿಯ ಹೆಂಗಸೊಬ್ಬಳು ತಾನಾಗಿಯೇ ಬಂದು ಗೋಡೆ ನೋಡಿ, ಮಾತಿಲ್ಲದೆ ಸಗಣಿ ಕಲಸಲು ಕೂತಳು. ಮಹಾದೇವ ಕೋಳಿ ಸಮುದಾಯದವಳು, ನನಗಿಂತ ಸ್ವಲ್ಪ ಹಿರಿಯಳು. ನಾನು ಮಾವಶಿ ಅನ್ನುತ್ತಿದ್ದೆ, ಅವಳು ನನ್ನನ್ನು ತಾಈ ಅನ್ನುತ್ತಿದ್ದಳು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಆದರೆ ನನ್ನ ಕಿವಿಗೆ ಮೂವತ್ತು ವರ್ಷದ ಮೇಲೂ ಅದು ತಾಯಿ ಎಂದೇ ಕೇಳುವುದು.

ನಾನು ಒಯ್ದದ್ದು ಜೋಳದ ಹಿಟ್ಟು, ಶೇಂಗಾ ಹಿಂಡಿ, ಕೆಂಪು ಖಾರ. ಅಲ್ಲಿಯವರದು ನಾಚಣಿ, ಅಂದರೆ ನಮ್ಮ ರಾಗಿ. ಮತ್ತೆ ಅಕ್ಕಿ, ವರಯೀ. ಒಂದೇ ಜಿಲ್ಲೆ, ರೊಟ್ಟಿ ಮಾತ್ರ ಬೇರೆ. ಬಂದವರಿಗೆ ಎರಡೂ ರೊಟ್ಟಿ ಬಡಿಸಿದೆವು. ಪುಣೆಯ ಮಕ್ಕಳು ಶೇಂಗಾ ಹಿಂಡಿಗೆ ಕೈಯೊಡ್ಡಿದ್ದನ್ನು ನೋಡಿದರೆ ಅವ್ವ ತನ್ನ ಮಾತು ಹಿಂದಕ್ಕೆ ತಗೊಳ್ಳುತ್ತಿದ್ದಳು. ಏಪ್ರಿಲ್ 9ರ ಯುಗಾದಿಗೆ ಬೇವು ಹುಡುಕಿದರೆ ಆ ಸುತ್ತಿನಲ್ಲಿ ನನಗೆ ಒಂದು ಮರವೂ ಕಾಣಲಿಲ್ಲ. ಶಿರೂರಿನಿಂದ ಗ್ಯಾಸ್ ಸಿಲಿಂಡರ್ ತರುವ ಹುಡುಗನ ಕೈಲಿ ಒಂದು ಟೊಂಗೆ ತರಿಸಿ ಬೇವು-ಬೆಲ್ಲ ಮಾಡಿದೆ.

ಏಪ್ರಿಲ್-ಮೇ ಅಲ್ಲಿ ಹಿರಡಾ ಸುಗ್ಗಿ. ಹಿರಡಾ ಅಂದರೆ ನಮ್ಮ ಅಳಲೆಕಾಯಿ. ಬಾಣಂತಿಮನೆಯಲ್ಲಿ ಬಜೆಯ ಜೊತೆ ತೇದು ಕೂಸಿನ ಬಾಯಿಗೆ ಹಚ್ಚಿದ್ದು ನಿಮಗೆಲ್ಲ ನೆನಪಿರಬೇಕು. ಬಲಿಯುವ ಮುಂಚೆಯೇ ಎಳೆಗಾಯಿ ಉದುರಿಸಿ ಬಂಡೆಯ ಮೇಲೆ ಒಣಹಾಕುತ್ತಾರೆ, ಒಣಗಿ ಕರಿ ಕಲ್ಲಿನಂತಾಗುತ್ತದೆ. ಅದಕ್ಕೆ ಬಾಳಹಿರಡಾ ಎಂದು ಹೆಸರು. ಜುನ್ನರ-ಅಂಬೇಗಾಂವದ ಆದಿವಾಸಿ ಮನೆಗಳಿಗೆ ವರ್ಷದ ರೊಕ್ಕ ಬರುವುದು ಬಹುಪಾಲು ಇದರಿಂದ. 2020ರ ಜೂನ್ 3ರ ನಿಸರ್ಗ ಚಂಡಮಾರುತಕ್ಕೆ ಬಿದ್ದ ಹಿರಡಾ ಮರಗಳ ಮಾತು ಮಾವಶಿಯ ಬಾಯಲ್ಲಿ ಇನ್ನೂ ಬರುತ್ತಿತ್ತು. ಒಂದು ಮರ ಬಿದ್ದರೆ ಒಂದು ಆಕಳು ಸತ್ತ ಹಾಗೆ ಹೇಳುತ್ತಿದ್ದಳು.

ಈಗ ನೀರಿನ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಶಿರೂರು ಮಳೆನೆರಳಿನ ಊರು, ನಮಗೆ ಬರ ಹೊಸದಲ್ಲ. ಆದರೆ ಮಳೆಗಾಲದಲ್ಲಿ ಹಗಲು-ರಾತ್ರಿ ಸುರಿಯುವ ಗುಡ್ಡದಲ್ಲಿ ಮೇ ತಿಂಗಳಿಗೆ ಕೊಡ ನೀರಿಗೆ ಅಲೆದಾಟವಿರುತ್ತದೆ ಎಂದರೆ ನೋಡಿದವರೇ ನಂಬಬೇಕು. ಬಂಡೆ ನೆಲ, ಬಿದ್ದ ಮಳೆ ನಿಲ್ಲದೆ ಓಡಿಹೋಗುತ್ತದೆ. ಘೋಡ ಹುಟ್ಟುವುದೇ ಆಹುಪೆಯ ಹತ್ತಿರ. ಅದರ ನೀರು ಡಿಂಭೆಯಲ್ಲಿ ನಿಂತು, ನಮ್ಮ ಶಿರೂರು ದಾಟಿ, ಭೀಮೆಗೆ ಸೇರಿ, ನನ್ನ ತವರಿನ ಮುಂದೆ ಹಾದು ಕೃಷ್ಣೆಗೆ ಹೋಗುತ್ತದೆ. ನದಿಯ ತಲೆಯ ಮೇಲೆ ಕೂತ ಹೆಂಗಸರು ಬಾಯಾರಿ ಕೂತಿದ್ದರು. ಅವ್ವನಿಗೆ ಹೇಳಿದರೆ, "ಅಲ್ಲೇ ಇಲ್ಲಂದ್ರ ಇಲ್ಲಿ ಎಲ್ಲಿಂದ ಬರಬೇಕವಾ?" ಅಂದಳು. ಅವರಲ್ಲೂ ಹೊಳೆ ಒಣಗಿತ್ತು. 2023ರ ಮಳೆ ಕೈಕೊಟ್ಟದ್ದರ ಫಲ ಅದು.

ನಮ್ಮ ಲೆಕ್ಕ ಹೀಗಿತ್ತು: ಒಬ್ಬರಿಗೆ ದಿನಕ್ಕೆ 40 ಲೀಟರ್, ಅಡುಗೆ-ಶೌಚ ಎಲ್ಲ ಸೇರಿ. ಡೇರೆ ತುಂಬಿದರೆ 24 ಜನ, ಅಂದರೆ ಸುಮಾರು ಸಾವಿರ ಲೀಟರ್. ವಾರಕ್ಕೊಂದು ಟ್ಯಾಂಕರ್ ಬಂದರೆ ಸರಿಹೋಗುತ್ತದೆ. ಸ್ನಾನಕ್ಕೆ ಒಂದೇ ಬಕೆಟ್ ಎಂದು ಬರೆದು ಹಾಕಿದ್ದೆ. ಪಾತ್ರೆ ತೊಳೆದ ನೀರು ಶೌಚಾಲಯಕ್ಕೆ. ವಾಡಿಯ ಬಾವಿ ಇಪ್ಪತ್ತೈದು ಮನೆಗೆ ಒಂದೇ. ಅದರ ನೀರು ಮುಟ್ಟುವುದಿಲ್ಲ ಎಂದು ಮಾವಶಿಗೆ ಮೊದಲ ವಾರವೇ ಹೇಳಿದ್ದೆ.

ಮೇ 18ರ ಶನಿವಾರಕ್ಕೆ 22 ಜನ ಬರಬೇಕಿತ್ತು. ಟ್ಯಾಂಕರ್ ಬರಲಿಲ್ಲ. ಟಾಕಿಯಲ್ಲಿ 800 ಲೀಟರ್ ಉಳಿದಿತ್ತು. ಫೋನ್ ಸಿಗುವುದು ಒಂದೇ ಬಂಡೆಯ ಮೇಲೆ, ಅದೂ ಒಂದು ಕಡ್ಡಿ. ಹತ್ತಿ ಮಾಲೀಕರಿಗೆ ತಿಳಿಸಿದೆ. ಅವರು, ರಾತ್ರಿ ಬಾವಿಗೆ ಮೋಟರ್ ಇಳಿಸಿ ಎರಡು ಸಾವಿರ ಲೀಟರ್ ಎತ್ತಿಕೊಳ್ಳಿ, ವಾಡಿಯವರಿಗೆ ಆಮೇಲೆ ಏನಾದರೂ ಕೊಡೋಣ ಅಂದರು. ಬಾವಿಯಲ್ಲಿದ್ದದ್ದು ಮೊಳಕಾಲುದ್ದ ನೀರು. ನಮ್ಮವರು ನನ್ನ ಮುಖ ನೋಡಿದರು. ನಾನು, "ಮೋಟರ್ ಇಳಿಸೂದಿಲ್ರೀ, ಬರುವವರಿಗೆ ಬರಬ್ಯಾಡ ಅಂತ ಹೇಳ್ತೀನಿ" ಅಂದೆ. ಬಂಡೆಯ ಮೇಲೆ ಕೂತು ಆರು ಕುಟುಂಬಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ನಾಲ್ವರು ಒಪ್ಪಿದರು, ಒಬ್ಬರು ಬೈದರು. ಇನ್ನೊಬ್ಬರು, ನೀರು ನಾವೇ ತರುತ್ತೇವೆ ಎಂದು ಇಪ್ಪತ್ತು ಲೀಟರಿನ ಆರು ಕ್ಯಾನ್ ಹೊತ್ತು ಬಂದೇಬಿಟ್ಟರು.

ಆ ವಾರದ ಹಣ ನಮ್ಮ ಪಗಾರದಲ್ಲಿ ಕಡಿತವಾಯಿತು. ನಮ್ಮವರಿಗೆ ಅದು ನೋವಾಯಿತು, ರೊಕ್ಕಕ್ಕಲ್ಲ, ದುಡಿದ ಕಡೆಯೆಲ್ಲ ಒಂದು ಮಾತು ಕೇಳಿಸಿಕೊಳ್ಳದ ಮನುಷ್ಯ. ವಾಡಿಯಲ್ಲಿ ಯಾರೂ ಈ ಬಗ್ಗೆ ನಮ್ಮ ಜೊತೆ ಮಾತೆತ್ತಲಿಲ್ಲ. ಆದರೆ ಮಾರನೆಯ ದಿನದಿಂದ ಅಡುಗೆಮನೆಯ ಬಾಗಿಲಲ್ಲಿ ಕರವಂದ, ಅಂದರೆ ಕವಳಿ ಹಣ್ಣಿನ ಎಲೆದೊನ್ನೆ ಇರುತ್ತಿತ್ತು.

ಮೇ ಕೊನೆಯ ವಾರ ಮಿಂಚುಹುಳದ ಕಾಲ. ಜನ ಬರುವುದೇ ಇದಕ್ಕೆ. ಒಂದು ಮರವಿಡೀ ಒಮ್ಮೆ ಹೊತ್ತಿ ಒಮ್ಮೆ ಆರುವುದನ್ನು ಹೇಗೆ ಹೇಳುವುದೋ ನನಗೆ ಗೊತ್ತಿಲ್ಲ, ಆ ಪ್ರಯತ್ನ ಮಾಡುವುದಿಲ್ಲ. ಆ ಬೆಳಕು ಗಂಡು ಹೆಣ್ಣನ್ನು ಕರೆಯುವ ಭಾಷೆ. ದೊಡ್ಡ ಹುಳವಾಗಿ ಬದುಕುವುದು ಕೆಲವೇ ವಾರ, ಅಷ್ಟರಲ್ಲಿ ಜೊತೆ ಸಿಗಬೇಕು. ನಾವು ಟಾರ್ಚ್ ಹಿಡಿದರೆ, ಮೊಬೈಲ್ ಫ್ಲ್ಯಾಶ್ ಹೊಡೆದರೆ ಆ ಮಾತು ತುಂಡಾಗುತ್ತದೆ. ಹುಲ್ಲಿನಲ್ಲಿ ಕೂತವು ಕಾಲಡಿಗೆ ಸಿಕ್ಕಿ ಸಾಯುತ್ತವೆ. ಹಾಗಾಗಿ ಏಳು ಗಂಟೆಗೆ ಊಟ, ಎಂಟಕ್ಕೆ ಎಲ್ಲ ದೀಪ ಬಂದ್, ಹಾಡಿನ ಡಬ್ಬಿ ನನ್ನ ಅಡುಗೆಮನೆಯಲ್ಲಿ ಜಪ್ತಿ. ಇದಕ್ಕೂ ಜಗಳವಾಗಿದೆ. ಸ್ಕೂಲ್ ಟೀಚರ್ ಏನ್ರೀ ನೀವು, ಎಂದು ಕೇಳಿದವರಿದ್ದಾರೆ. ಬೆಳಗ್ಗೆ ಅವರೇ ಮಕ್ಕಳನ್ನು ಕರೆದುಕೊಂಡು ಕೆಂಜಳಿಲು ನೋಡಲು ಹೊರಟಿದ್ದೂ ಉಂಟು. ಅದು ಮಹಾರಾಷ್ಟ್ರದ ರಾಜ್ಯಪ್ರಾಣಿ, ಶೇಕರೂ; ಭೀಮಾಶಂಕರ ಅಭಯಾರಣ್ಯವನ್ನು 1985ರಲ್ಲಿ ಘೋಷಿಸಿದಾಗ ಮುಖ್ಯವಾಗಿ ಮನಸ್ಸಿನಲ್ಲಿದ್ದದ್ದು ಅದೇ.

ಜೂನ್ 2ಕ್ಕೆ ಡೇರೆ ಬಿಚ್ಚಿದೆವು. ಬುಕ್ಕಿಂಗ್ ಇನ್ನೂ ಒಂದು ವಾರಕ್ಕಿತ್ತು, ಮಾಲೀಕರಿಗೆ ಮನಸ್ಸಿರಲಿಲ್ಲ. ಆದರೆ ಆ ರಸ್ತೆಯಲ್ಲೇ ಮಾಳೀಣ ಇದೆ. 2014ರ ಜುಲೈ 30ರ ಬೆಳಗ್ಗೆ ಗುಡ್ಡ ಜಾರಿ 150ಕ್ಕೂ ಹೆಚ್ಚು ಜನ ಮಣ್ಣಾದರು. ಎಸ್.ಟಿ. ಬಸ್ಸಿನವರು ದಿನದಂತೆ ಬಂದು ನೋಡಿದರೆ ಊರು ಕಾಣಲಿಲ್ಲ. ಹೊರಗೆ ಸುದ್ದಿ ಮುಟ್ಟಿದ್ದೇ ಅವರಿಂದ. ಉಳಿದವರಿಗೆ ಆಮಡೆಯಲ್ಲಿ ಹೊಸ ಮನೆಗಳನ್ನು ಕಟ್ಟಿ 2017ರಲ್ಲಿ ಕೊಟ್ಟರು. ಆ ದಾರಿಯಲ್ಲಿ ಹೋಗಿಬರುವವಳಿಗೆ ಮಳೆಯ ಜೊತೆ ಹುಡುಗಾಟ ಬೇಡ ಅನ್ನಿಸುವುದು ಸಹಜ.

ನಾವು ಕೆಳಗೆ ಬಂದು ಆರು ವಾರಕ್ಕೆ, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು. ನನಗೆ ಅವತ್ತು ಫೋನ್ ಮೇಲೆ ಫೋನ್. ನಾವು ಬೇರೆ ಶಿರೂರಿನವರು, ಕ್ಷೇಮವಾಗಿದ್ದೇವೆ ಎಂದು ಹೇಳುತ್ತಲೇ ಇದ್ದೆ. ಹಾಗೆ ಹೇಳುವಾಗ ಒಂಥರಾ ಸಂಕಟವಾಗುತ್ತಿತ್ತು. ಮಾವಶಿಯೂ ಮಗನ ಫೋನಿನಿಂದ ಕರೆ ಮಾಡಿದ್ದಳು. ಟಿ.ವಿ.ಯಲ್ಲಿ ಶಿರೂರು ಎಂಬ ಹೆಸರು ಕೇಳಿ, ಆ ಮಳೆಯಲ್ಲಿ ಬಂಡೆ ಹತ್ತಿ ಮಾಡಿದ್ದಳು.

ಮುಂದಿನ ಬೇಸಿಗೆಗೆ ಮಾಲೀಕರು ಮತ್ತೆ ಕೇಳಿದ್ದಾರೆ. ಎರಡನೆಯ ಟಾಕಿ ಕೂಡಿಸಬೇಕು, ಟ್ಯಾಂಕರ್ ಬಂದಾಗ ವಾಡಿಗೂ ಒಂದು ಪಾಲು ಇಳಿಯಬೇಕು, ಮೇ ತಿಂಗಳಲ್ಲಿ 16 ಜನಕ್ಕಿಂತ ಹೆಚ್ಚು ಬೇಡ ಎಂದು ನಮ್ಮವರ ಕೈಲಿ ಬರೆಸಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಒಪ್ಪಿದರೆ ನಿಮಗೆ ತಿಳಿಸುತ್ತೇನೆ. ಬರುವವರು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬನ್ನಿ, ಊಟಕ್ಕೆ ಜೋಳದ ರೊಟ್ಟಿ, ನಾಚಣಿ ರೊಟ್ಟಿ ಎರಡೂ ಇರುತ್ತವೆ.