ಷೇರುದಾರನಿಗೂ ಒಂದು ಮಾತು ಬೇಕು
(ಡೊಂಬಿವಲಿಯ ಸಭೆಯಲ್ಲಿ ಮಾಡಿದ ಭಾಷಣ)



ದುಡಿದ ಹಣದಲ್ಲಿ ನಾಲ್ಕು ಬ್ಯಾಂಕು ಷೇರು ಕೊಂಡವರು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನಮ್ಮವರೂ ಇದ್ದಾರೆ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕಿನ 10 ರೂಪಾಯಿ ಮುಖಬೆಲೆಯ ಒಂದು ಷೇರು 2 ರೂಪಾಯಿಯ ಐದು ಷೇರುಗಳಾಯಿತು. ಪೇಟೆಯ ಧಾರಣೆ ಐದರಲ್ಲೊಂದು ಪಾಲಿಗೆ ಇಳಿಯಿತು, ಗಂಟೇನೂ ಕರಗಲಿಲ್ಲ. ವಿಷಯ ತಿಳಿಯದವನು ಮಾತ್ರ "ಮುಳುಗಿಹೋದೆ" ಎಂದು ಮಾರಿಬಿಟ್ಟಾನು.

ಸರಕಾರಿ ಬ್ಯಾಂಕುಗಳು ಫೇಸ್‌ಬುಕ್, ಯೂಟ್ಯೂಬುಗಳಲ್ಲಿ ಸಾಲದ ಜಾಹೀರಾತಿಗೆ ತೋರುವ ಉತ್ಸಾಹವನ್ನು ಇಂಥ ಲೆಕ್ಕವನ್ನು ಷೇರುದಾರನಿಗೆ ಕನ್ನಡದಲ್ಲಿ ತಿಳಿಸಲೂ ತೋರಲಿ. ಅವು ಸುಮ್ಮನಿದ್ದರೆ ವದಂತಿ ಮಾತಾಡುತ್ತದೆ.

ನಮ್ಮ ಹೊಣೆಯೂ ಉಂಟು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಷೇರುಪೇಟೆಯೇ ತನ್ನ ಮುಖ್ಯಸ್ಥರ ನಕಲಿ ವಿಡಿಯೋಗಳ ಬಗ್ಗೆ ಎಚ್ಚರಿಸಿತು. ಮೊಬೈಲಿನಲ್ಲಿ ಕೇಳಿದ್ದನ್ನು, ಬ್ಯಾಂಕು ಷೇರುಪೇಟೆಗೆ ಸಲ್ಲಿಸಿದ ಪ್ರಕಟಣೆಯೊಡನೆ ತಾಳೆ ನೋಡಿರಿ. ಆಮೇಲೆ ಕೊಳ್ಳುವುದು, ಮಾರುವುದು.